ಮನೆಯ ತಾರಸಿಗೆ ಸೋಲಾರ್: ಗುತ್ತಿಗೆದಾರರನ್ನು ಆರಿಸುವುದು ಹೇಗೆ, ಖರ್ಚನ್ನು ತೂಗಿ ನೋಡುವುದು ಹೇಗೆ

ಮನೆಗೆ ಸೋಲಾರ್ ಹಾಕಿಸಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಯಾರಿಗಾದರೂ ಫೋನ್ ಮಾಡಿ ‘ಮೂರು ಕಿಲೋವ್ಯಾಟ್‌ಗೆ ಎಷ್ಟಾಗುತ್ತದೆ’ ಎಂದು ಕೇಳುವುದು. ನಾನೂ ಹಾಗೆಯೇ ಶುರು ಮಾಡಿದವನು. ಆ ಒಂದು ಪ್ರಶ್ನೆಗೆ ಸಿಗುವ ಉತ್ತರ ಒಂದು ಮೊತ್ತ ಮಾತ್ರ. ನಮ್ಮ ಮನೆಗೆ ಮೂರು ಕಿಲೋವ್ಯಾಟ್ ಬೇಕೇ, ಬೇಡವೇ, ಆ ಮೊತ್ತದೊಳಗೆ ಏನೇನು ಸೇರಿದೆ, ಪ್ಯಾನೆಲ್‌ನ ಡಿಸಿ ವಿದ್ಯುತ್ತನ್ನು ಮನೆ ಬಳಕೆಯ ಎಸಿ ವಿದ್ಯುತ್ತಾಗಿ ಬದಲಿಸುವ ಇನ್ವರ್ಟರ್ ಆರನೆಯ ವರ್ಷ ಕೆಟ್ಟರೆ ಏಣಿ ಹತ್ತಿ ಮೇಲೆ ಬರುವವರು ಯಾರು ಎಂಬ ಯಾವುದಕ್ಕೂ ಅದರಲ್ಲಿ ಉತ್ತರವಿರುವುದಿಲ್ಲ. ನಮ್ಮ ಮನೆಯ ಕೆಲಸ ಮುಗಿದ ಮೇಲೆ ನೆಂಟರು ಮತ್ತು ಅಕ್ಕಪಕ್ಕದವರ ಕೊಟೇಶನ್‌ಗಳನ್ನು ಓದಿ ಅಭಿಪ್ರಾಯ ಹೇಳುವ ಹೊಣೆ ನನ್ನ ಪಾಲಿಗೆ ಬಂತು. ಆ ಅನುಭವದಿಂದ, ಯಾವ ಕೆಲಸವನ್ನು ಯಾವುದರ ನಂತರ ಮಾಡಿದರೆ ಒಳ್ಳೆಯದು ಎಂಬ ಕ್ರಮದಲ್ಲಿಯೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿನ ದರಗಳೂ ನಿಯಮಗಳೂ ಕರ್ನಾಟಕಕ್ಕೆ ಸಂಬಂಧಿಸಿದವು.

ಹಂತ 1: ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಳ್ಳಿ

ಯಾರಿಗೂ ಫೋನ್ ಮಾಡುವ ಮೊದಲು ಕಳೆದ ಒಂದು ವರ್ಷದ ವಿದ್ಯುತ್ ಬಿಲ್ಲುಗಳನ್ನು ಒಟ್ಟು ಮಾಡಿ. ಕಾಗದದ ಬಿಲ್ಲುಗಳು ಕಳೆದುಹೋಗಿದ್ದರೆ ನಿಮ್ಮ ಎಸ್ಕಾಂನ (ಬೆಸ್ಕಾಂ, ಹೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿಯ) ಜಾಲತಾಣದಲ್ಲಿ ಹಳೆಯ ಬಿಲ್ಲುಗಳನ್ನು ನೋಡಬಹುದು, ಇಲ್ಲವೇ ಉಪವಿಭಾಗದ ಕಚೇರಿಯಲ್ಲಿ ಕೇಳಿ ಪಡೆಯಬಹುದು. ಬಿಲ್ಲಿನಲ್ಲಿ ನೋಡಬೇಕಾದವು ಮೂರು: ಪ್ರತಿ ತಿಂಗಳು ಬಳಸಿದ ಯೂನಿಟ್‌ಗಳು, ಮಂಜೂರಾದ ಲೋಡ್ (ನಿಮ್ಮ ಮನೆಗೆ ಎಷ್ಟು ಕಿಲೋವ್ಯಾಟ್‌ಗೆ ಒಪ್ಪಿಗೆ ಇದೆ ಎಂಬುದು), ಮತ್ತು ಆರ್‌ಆರ್ ನಂಬರ್, ಅಂದರೆ ನಿಮ್ಮ ವಿದ್ಯುತ್ ಸಂಪರ್ಕದ ಸಂಖ್ಯೆ, ಯಾರ ಹೆಸರಿನಲ್ಲಿದೆ ಎಂಬುದು. ಮೂರನೆಯದನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತೀರಿಕೊಂಡ ತಂದೆಯ ಹೆಸರಿನಲ್ಲಿಯೋ ಮನೆ ಮಾರಿದವರ ಹೆಸರಿನಲ್ಲಿಯೋ ಮೀಟರ್ ಇನ್ನೂ ಉಳಿದಿದ್ದರೆ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಸಹಾಯಧನ ಬ್ಯಾಂಕ್ ಖಾತೆಗೆ ಬರುವ ಹೊತ್ತಿಗೆ ಹೆಸರು ಹೊಂದದೆ ತೊಡಕಾಗುತ್ತದೆ. ಆದ್ದರಿಂದ ಹೆಸರು ಬದಲಾವಣೆಯ ಅರ್ಜಿಯನ್ನು ಎಲ್ಲಕ್ಕಿಂತ ಮೊದಲು ಕೊಟ್ಟುಬಿಡಿ.

ಯೂನಿಟ್‌ಗಳ ವಿಚಾರದಲ್ಲಿ ಕರ್ನಾಟಕದ ಮನೆಗಳಿಗೆ ಒಂದು ವಿಶೇಷ ಪರಿಸ್ಥಿತಿ ಇದೆ. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ನೋಂದಾಯಿಸಿಕೊಂಡು, ತಮಗೆ ನಿಗದಿಯಾದ ಅರ್ಹತೆಯ ಮಿತಿಯೊಳಗೆ ವಿದ್ಯುತ್ ಬಳಸುವ ಮನೆಗಳಿಗೆ ಶೂನ್ಯ ಬಿಲ್ ಬರುತ್ತಿದೆ. 200 ಯೂನಿಟ್ ದಾಟಿದ ತಿಂಗಳು ಮಾತ್ರ ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ. ತಿಂಗಳಿಗೆ 120 ಅಥವಾ 150 ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುತ್ತಿರುವ ಮನೆಗೆ ಸೋಲಾರ್‌ನಿಂದ ಇಂದು ಉಳಿಯುವ ಹಣ ಬಹುತೇಕ ಏನೂ ಇಲ್ಲ. ಅಂಥ ಮನೆಯವರು ಬಂದು ಕೇಳಿದಾಗ ಸದ್ಯಕ್ಕೆ ಬೇಡ ಎಂದೇ ನಾನು ಹೇಳುತ್ತೇನೆ, ಅದರಲ್ಲಿಯೂ ಸಾಲ ಮಾಡಿ ಹಾಕಿಸುವುದಂತೂ ಬೇಡವೇ ಬೇಡ. ಬಳಕೆ ವರ್ಷದ ಹೆಚ್ಚಿನ ತಿಂಗಳುಗಳಲ್ಲಿ 200ರ ಮೇಲಿದ್ದರೆ, ಎ.ಸಿ., ಇಂಡಕ್ಷನ್ ಒಲೆ, ವಿದ್ಯುತ್ ಸ್ಕೂಟರ್ ಇವುಗಳಿಂದ ಅದು ಇನ್ನೂ ಏರುವಂತಿದ್ದರೆ, ಆಗ ಮುಂದಿನ ಲೆಕ್ಕ ನಿಮಗೆ ಅನ್ವಯಿಸುತ್ತದೆ. ಬಳಕೆ 200ರ ಆಸುಪಾಸಿನಲ್ಲಿ ಓಲಾಡುವ ಮನೆಯವರು ಮನೆಗೆ ಬಂದ ಮತ್ತು ಹೊರಗೆ ಕೊಟ್ಟ ವಿದ್ಯುತ್ ಎರಡನ್ನೂ ಅಳೆಯುವ ನೆಟ್ ಮೀಟರ್ ಬಂದ ಮೇಲೆ ಗೃಹಜ್ಯೋತಿಯನ್ನು ತಮ್ಮ ಬಿಲ್ಲಿಗೆ ಯಾವ ರೀತಿ ಅನ್ವಯಿಸುತ್ತಾರೆ ಎಂಬುದನ್ನು ಉಪವಿಭಾಗದ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಂಡೇ ಮುಂದುವರಿಯಬೇಕು. ಗುತ್ತಿಗೆದಾರರ ಬಾಯಿಮಾತು ಇಲ್ಲಿ ಸಾಲದು.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025-26ಕ್ಕೆ ಹೊರಡಿಸಿದ ಆದೇಶದಲ್ಲಿ ಗೃಹಬಳಕೆಯ ದರವನ್ನು ಯೂನಿಟ್‌ಗೆ ₹5.90ರಿಂದ ₹5.80ಕ್ಕೆ ಇಳಿಸಿ, ನಿಗದಿತ ಶುಲ್ಕವನ್ನು ಪ್ರತಿ ಕಿಲೋವ್ಯಾಟ್‌ಗೆ ₹120ರಿಂದ ₹145ಕ್ಕೆ ಏರಿಸಿತು. ಸೋಲಾರ್ ಹಾಕಿಸುವವರು ಈ ಬದಲಾವಣೆಯ ಅರ್ಥವನ್ನು ಗಮನಿಸಬೇಕು. ಸೋಲಾರ್‌ನಿಂದ ಕಡಿಮೆಯಾಗುವುದು ಯೂನಿಟ್‌ನ ಖರ್ಚು ಮಾತ್ರ; ಮಂಜೂರಾದ ಲೋಡ್‌ನ ಮೇಲಿನ ನಿಗದಿತ ಶುಲ್ಕವನ್ನು ಪ್ರತಿ ತಿಂಗಳೂ ಕಟ್ಟುತ್ತಲೇ ಇರಬೇಕು. ‘ನಿಮ್ಮ ಬಿಲ್ ಸೊನ್ನೆಯಾಗುತ್ತದೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ಅವರು ಈ ಭಾಗವನ್ನು ಬಿಟ್ಟು ಮಾತಾಡುತ್ತಿದ್ದಾರೆ ಎಂದು ತಿಳಿಯಿರಿ.

ಹಂತ 2: ತಾರಸಿಯನ್ನು ನೀವೇ ಮೊದಲು ನೋಡಿ

ನಮ್ಮ ರಾಜ್ಯದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್‌ನಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಸಿಗುತ್ತದೆ. ಕಲಬುರಗಿ, ಬಳ್ಳಾರಿ, ಚಿತ್ರದುರ್ಗದ ಬಯಲುಸೀಮೆಯಲ್ಲಿ ಇದಕ್ಕಿಂತ ತುಸು ಹೆಚ್ಚು. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದಿರುವ ಕಾರಣ ಬಹಳ ಕಡಿಮೆ. ಮೂರು ಕಿಲೋವ್ಯಾಟ್‌ಗೆ ಇಂದಿನ 540 ವ್ಯಾಟ್‌ನ ಪ್ಯಾನೆಲ್‌ಗಳಾದರೆ ಆರು ಸಾಕು. ಒಂದೊಂದು ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲವಿರುತ್ತದೆ. ತೊಳೆಯಲು ಓಡಾಡುವ ದಾರಿಯನ್ನೂ ಸೇರಿಸಿದರೆ 200ರಿಂದ 300 ಚದರಡಿ ನೆರಳಿಲ್ಲದ ಜಾಗ ಬೇಕಾಗುತ್ತದೆ.

ಕಷ್ಟ ಇರುವುದು ಈ ‘ನೆರಳಿಲ್ಲದ’ ಎಂಬ ಮಾತಿನಲ್ಲಿಯೇ. ನಮ್ಮ ತಾರಸಿಗಳಲ್ಲಿ ನೀರಿನ ಟ್ಯಾಂಕ್, ಸೋಲಾರ್ ವಾಟರ್ ಹೀಟರ್, ಮೆಟ್ಟಿಲಿನ ಕೋಣೆ, ಬಟ್ಟೆ ಒಣಗಿಸುವ ತಂತಿ, ಪಕ್ಕದ ಮನೆಯ ತೆಂಗಿನ ಮರ ಎಲ್ಲವೂ ಜಾಗಕ್ಕೆ ಪಾಲುದಾರರು. ಪ್ಯಾನೆಲ್‌ಗಳನ್ನು ಒಂದಕ್ಕೊಂದು ಸರಣಿಯಾಗಿ ಜೋಡಿಸುವುದರಿಂದ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ಕೆಳಗೆಳೆಯಬಹುದು. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಬರುವ ಶೂನ್ಯ ನೆರಳಿನ ದಿನಗಳಂದು ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಬಹಳ ವಾಲಿರುತ್ತಾನೆ. ಏಪ್ರಿಲ್‌ನಲ್ಲಿ ತಾರಸಿಯನ್ನು ನೋಡಿ ‘ಎಲ್ಲಿಯೂ ನೆರಳಿಲ್ಲ’ ಎಂದು ತೀರ್ಮಾನಿಸಿದವರಿಗೆ ಡಿಸೆಂಬರ್‌ನಲ್ಲಿ ದಕ್ಷಿಣದ ಕಡೆಯ ಟ್ಯಾಂಕಿನ ನೆರಳು ಪ್ಯಾನೆಲ್ ಮೇಲೆ ಬಿದ್ದಾಗಲೇ ತಪ್ಪು ಗೊತ್ತಾಗುತ್ತದೆ. ಆದ್ದರಿಂದ ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ಮೂರು ಗಂಟೆಗೆ ತಾರಸಿಯ ಫೋಟೊ ತೆಗೆದಿಟ್ಟುಕೊಳ್ಳಿ. ಸಾಧ್ಯವಾದರೆ ಡಿಸೆಂಬರ್ ಅಥವಾ ಜನವರಿಯಲ್ಲಿ ತೆಗೆಯಿರಿ, ಆಗದಿದ್ದರೆ ಚಳಿಗಾಲದ ನೆರಳಿನ ಲೆಕ್ಕವನ್ನು ಗುತ್ತಿಗೆದಾರರಿಂದ ನಕ್ಷೆಯಲ್ಲಿಯೇ ಬರೆಸಿಕೊಳ್ಳಿ.

ತಾರಸಿಯಲ್ಲಿ ಬಿರುಕು ಅಥವಾ ಸೋರಿಕೆ ಇದ್ದರೆ ವಾಟರ್‌ಪ್ರೂಫಿಂಗ್ ಮೊದಲು, ಸೋಲಾರ್ ನಂತರ. ಹೆಂಚಿನ ಮನೆಯವರು ರೀಪು ಪಕಾಸಿಗಳ ಬಲವನ್ನು ಬಡಗಿಗೆ ತೋರಿಸಿ ಅಭಿಪ್ರಾಯ ಪಡೆಯುವುದು ಅಗತ್ಯ. ಮಲೆನಾಡಿನಲ್ಲಿ ಕೋತಿಗಳ ಕಾಟ ನಿಜವಾದ ಸಮಸ್ಯೆ; ಅವು ಕೇಬಲ್ ಎಳೆಯುತ್ತವೆ, ಗಾಜಿನ ಮೇಲೆ ಕುಣಿಯುತ್ತವೆ. ಅಂಥ ಕಡೆ ಎಲ್ಲ ತಂತಿಗಳೂ ಪೈಪಿನೊಳಗೆ ಹೋಗಬೇಕೆಂದು ಆರಂಭದಲ್ಲಿಯೇ ಹೇಳಿಬಿಡಿ.

ಹಂತ 3: ಯಾವ ಬಗೆಯ ವ್ಯವಸ್ಥೆ ಎಂಬುದನ್ನು ತೀರ್ಮಾನಿಸಿ

ಆನ್‌ಗ್ರಿಡ್ ವ್ಯವಸ್ಥೆಯಲ್ಲಿ ಬ್ಯಾಟರಿ ಇರುವುದಿಲ್ಲ. ಹಗಲು ಉತ್ಪಾದನೆಯಾಗಿ ಉಳಿದ ವಿದ್ಯುತ್ ಎಸ್ಕಾಂ ತಂತಿಗೆ ಹೋಗುತ್ತದೆ, ರಾತ್ರಿ ಅಲ್ಲಿಂದ ಮನೆಗೆ ಬರುತ್ತದೆ, ನೆಟ್ ಮೀಟರ್ ಎರಡನ್ನೂ ಅಳೆಯುತ್ತದೆ. ಖರ್ಚು ಕಡಿಮೆ, ನಿರ್ವಹಣೆ ಸುಲಭ. ಆದರೆ ಕರೆಂಟು ಹೋದಾಗ ಸುಡುಬಿಸಿಲಿದ್ದರೂ ಈ ವ್ಯವಸ್ಥೆ ನಿಂತುಬಿಡುತ್ತದೆ. ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ತಾರಸಿಯ ವಿದ್ಯುತ್ ತಗುಲದಿರಲೆಂದೇ ಇನ್ವರ್ಟರ್‌ನಲ್ಲಿ ಈ ರಕ್ಷಣೆಯನ್ನು ಇಟ್ಟಿರುತ್ತಾರೆ, ಅದು ದೋಷವಲ್ಲ. ಹಾಕಿಸಿದ ಮೇಲೆ ಇದನ್ನು ತಿಳಿದು ಬೇಸರಪಟ್ಟವರನ್ನು ಬಹಳ ನೋಡಿದ್ದೇನೆ.

ಹೈಬ್ರಿಡ್ ವ್ಯವಸ್ಥೆಯಲ್ಲಿ ಬ್ಯಾಟರಿಯೂ ಇರುವುದರಿಂದ ಕರೆಂಟು ಹೋದಾಗಲೂ ಮನೆ ನಡೆಯುತ್ತದೆ, ಖರ್ಚು ಮಾತ್ರ ಗಣನೀಯವಾಗಿ ಏರುತ್ತದೆ. ನಗರದಲ್ಲಿದ್ದು ದಿನಕ್ಕೆ ಒಂದೆರಡು ಗಂಟೆ ಮಾತ್ರ ವಿದ್ಯುತ್ ಕಡಿತವಾಗುವ ಮನೆಗೆ ಈಗಿರುವ ಯುಪಿಎಸ್ ಅನ್ನೇ ಉಳಿಸಿಕೊಂಡು ಆನ್‌ಗ್ರಿಡ್ ಹಾಕಿಸುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕತ್ತಲಲ್ಲಿರುವ ಊರುಗಳ ಮಾತು ಬೇರೆ. ಅಲ್ಲಿ ಬ್ಯಾಟರಿಯ ಬೆಲೆಯನ್ನು ಯೂನಿಟ್ ಲೆಕ್ಕದಲ್ಲಿ ತೂಗಲಾಗದು. ಗ್ರಿಡ್‌ಗೆ, ಅಂದರೆ ಎಸ್ಕಾಂ ತಂತಿಗೆ, ಜೋಡಿಸದೆ ಬರೀ ಬ್ಯಾಟರಿಯ ಮೇಲೆ ನಡೆಯುವ ವ್ಯವಸ್ಥೆಗೆ ಕೇಂದ್ರದ ಸಹಾಯಧನ ಸಿಗುವುದಿಲ್ಲ.

ಹಂತ 4: ಸಹಾಯಧನದ ಗಣಿತ

2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಉಚಿತ ವಿದ್ಯುತ್ ಯೋಜನೆ ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡಿದೆ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ ₹30,000, ಮೂರನೆಯದಕ್ಕೆ ₹18,000, ಒಟ್ಟು ₹78,000. ಅದಕ್ಕಿಂತ ದೊಡ್ಡ ವ್ಯವಸ್ಥೆ ಹಾಕಿಸಿದರೂ ₹78,000ವೇ ಮಿತಿ. ಪ್ಯಾನೆಲ್‌ಗಳ ಒಟ್ಟು ಸಾಮರ್ಥ್ಯ ಮತ್ತು ಇನ್ವರ್ಟರ್‌ನ ಸಾಮರ್ಥ್ಯಗಳಲ್ಲಿ ಯಾವುದು ಕಡಿಮೆಯೋ ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, 3.24 ಕಿಲೋವ್ಯಾಟ್ ಪ್ಯಾನೆಲ್‌ಗೆ 2.5 ಕಿಲೋವ್ಯಾಟ್ ಇನ್ವರ್ಟರ್ ಜೋಡಿಸಿದರೆ ಸಹಾಯಧನವೂ ಅಷ್ಟಕ್ಕೇ ಇಳಿಯುತ್ತದೆ. ವಸತಿ ಸಮುಚ್ಚಯಗಳ ಲಿಫ್ಟ್, ಪಂಪು, ದೀಪಗಳಂಥ ಸಾಮಾನ್ಯ ಬಳಕೆಗೆ ಪ್ರತಿ ಕಿಲೋವ್ಯಾಟ್‌ಗೆ ₹18,000ದ ಪ್ರತ್ಯೇಕ ನೆರವಿದೆ.

ಸಹಾಯಧನಕ್ಕೆ ಮೂರು ಷರತ್ತುಗಳು ಮುಖ್ಯ. ಸೆಲ್ ಮತ್ತು ಪ್ಯಾನೆಲ್ ಎರಡೂ ಭಾರತದಲ್ಲಿಯೇ ತಯಾರಾಗಿರಬೇಕು. ಇಂಥವನ್ನು ವ್ಯಾಪಾರದ ಮಾತಿನಲ್ಲಿ ಡಿಸಿಆರ್ ಪ್ಯಾನೆಲ್ ಎನ್ನುತ್ತಾರೆ, ಉಳಿದವುಗಳಿಗಿಂತ ಇವುಗಳ ಬೆಲೆ ಹೆಚ್ಚು. ಕೆಲಸ ಮಾಡುವವರು ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿತರಾಗಿರಬೇಕು. ವ್ಯವಸ್ಥೆಗೆ ಐದು ವರ್ಷ ಅವರೇ ನಿರ್ವಹಣೆ ಒದಗಿಸಬೇಕು. ಹಣ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ, ಅದೂ ನೆಟ್ ಮೀಟರ್ ಬಿದ್ದು ಎಸ್ಕಾಂ ಪರಿಶೀಲನೆ ಮುಗಿದ ಮೇಲೆ. ಆದ್ದರಿಂದ ಪೂರ್ತಿ ಮೊತ್ತವನ್ನು ಮೊದಲು ನೀವೇ ಹೊಂದಿಸಿಕೊಳ್ಳಬೇಕೆಂಬುದನ್ನು ಮರೆಯಬೇಡಿ.

ಹಳೆಯ ಕಥೆಯೊಂದು ಇನ್ನೂ ಓಡಾಡುತ್ತಿರುವುದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ. 2013ರಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ತಾರಸಿ ಸೋಲಾರ್‌ಗೆ ಯೂನಿಟ್‌ಗೆ ₹9.56ರ ದರ ನಿಗದಿ ಮಾಡಿತ್ತು. ಆ ಕಾಲದಲ್ಲಿ ದೊಡ್ಡ ವ್ಯವಸ್ಥೆ ಹಾಕಿಸಿ ವಿದ್ಯುತ್ ಮಾರಿದವರಿಗೆ ಒಳ್ಳೆಯ ಆದಾಯ ಬಂತು. ಇಂದು ಹೊಸದಾಗಿ ಹಾಕಿಸುವವರು ಗ್ರಿಡ್‌ಗೆ ಕೊಡುವ ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಬೇಕಾದದ್ದಕ್ಕಿಂತ ದೊಡ್ಡ ವ್ಯವಸ್ಥೆ ಹಾಕಿಸಿ ‘ಕರೆಂಟು ಮಾರಿ ಸಂಪಾದಿಸಿ’ ಎಂಬ ಪ್ರಚಾರವನ್ನು ನಂಬಬೇಡಿ. ನಿಮ್ಮ ವಾರ್ಷಿಕ ಬಳಕೆಗೆ ಸಮನಾಗಿ, ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆಯೇ ಉತ್ಪಾದಿಸುವ ಅಳತೆ ಸರಿಯಾದದ್ದು.

ಹಂತ 5: ಗುತ್ತಿಗೆದಾರರನ್ನು ಹುಡುಕಿ, ಅವರ ಹಳೆಯ ಕೆಲಸವನ್ನು ನೋಡಿ

ಪೋರ್ಟಲ್‌ನಲ್ಲಿ ನಿಮ್ಮ ಎಸ್ಕಾಂ ವ್ಯಾಪ್ತಿಯ ನೋಂದಾಯಿತರ ಪಟ್ಟಿ ಇದೆ. ನೋಂದಣಿ ಎಂಬುದು ಕನಿಷ್ಠ ಅರ್ಹತೆ ಮಾತ್ರ, ಗುಣಮಟ್ಟದ ಪ್ರಮಾಣಪತ್ರ ಅಲ್ಲ. ಆ ಪಟ್ಟಿಯಿಂದ ನಿಮ್ಮ ಊರಿನಲ್ಲಿಯೇ, ಅಥವಾ ಒಂದೆರಡು ಗಂಟೆಯ ದಾರಿಯಲ್ಲಿ ಕಚೇರಿ ಇರುವ ನಾಲ್ಕೈದು ಮಂದಿಯನ್ನು ಆರಿಸಿಕೊಳ್ಳಿ. ಬೇರೆ ರಾಜ್ಯದಲ್ಲಿ ಕಚೇರಿ ಇಟ್ಟುಕೊಂಡು, ಇಲ್ಲಿ ಕೆಲಸವನ್ನು ಯಾರಿಗೋ ಒಳಗುತ್ತಿಗೆ ಕೊಡುವವರ ಬೆಲೆ ಎಷ್ಟೇ ಕಡಿಮೆ ಇದ್ದರೂ ನಾನು ಹಿಂಜರಿಯುತ್ತೇನೆ, ಏಕೆಂದರೆ ದೂರು ಕೊಡುವ ದಿನ ಅವರಿಬ್ಬರಲ್ಲಿ ಹೊಣೆ ಹೊರುವವರು ಯಾರೂ ಇರುವುದಿಲ್ಲ.

ನಂತರ ಒಂದೇ ಒಂದು ವಿನಂತಿ ಮಾಡಿ: ಮೂರು ವರ್ಷಕ್ಕಿಂತ ಹಿಂದೆ ನೀವು ಕೆಲಸ ಮಾಡಿದ ಮೂರು ಮನೆಗಳನ್ನು ತೋರಿಸಿ. ಕಳೆದ ತಿಂಗಳು ಮುಗಿಸಿದ ಕೆಲಸ ಎಲ್ಲರದ್ದೂ ಹೊಳೆಯುತ್ತಿರುತ್ತದೆ. ಮೂರು ಮಳೆಗಾಲ ಕಂಡ ಚೌಕಟ್ಟಿನಲ್ಲಿ ತುಕ್ಕು ಹಿಡಿದಿದೆಯೇ, ಬೋಲ್ಟ್‌ಗಳ ಸುತ್ತ ತಾರಸಿ ಸೋರಿದೆಯೇ, ಬಿಸಿಲಿಗೆ ಪೈಪು ಒಡೆದಿದೆಯೇ ಎಂಬುದನ್ನು ನಿಮ್ಮ ಕಣ್ಣಿನಿಂದಲೇ ನೋಡಬಹುದು. ಆ ಮನೆಯವರನ್ನು ಪಕ್ಕಕ್ಕೆ ಕರೆದು, ‘ಕೆಟ್ಟಾಗ ಎಷ್ಟು ದಿನಕ್ಕೆ ಬಂದರು’ ಎಂದು ಕೇಳಿ. ‘ಇದುವರೆಗೆ ಕೆಟ್ಟೇ ಇಲ್ಲ’ ಎಂಬ ಉತ್ತರಕ್ಕಿಂತ ‘ಒಮ್ಮೆ ಕೆಟ್ಟಿತ್ತು, ನಾಲ್ಕನೆಯ ದಿನ ಸರಿ ಮಾಡಿದರು’ ಎಂಬ ಉತ್ತರ ನನಗೆ ಹೆಚ್ಚು ಧೈರ್ಯ ಕೊಡುತ್ತದೆ.

ತಾರಸಿಗೆ ಬಾರದೆ, ಉಪಗ್ರಹದ ಚಿತ್ರ ನೋಡಿ ಮೊಬೈಲಿನಲ್ಲಿಯೇ ಕೊಟೇಶನ್ ಕಳಿಸುವವರನ್ನು ಪಟ್ಟಿಯಿಂದ ತೆಗೆದುಬಿಡಿ. ಬಂದವರು ಟೇಪು ಹಿಡಿದು ಅಳತೆ ಮಾಡಿದರೇ, ಮೀಟರ್ ಬೋರ್ಡ್ ತೆರೆದು ನೋಡಿದರೇ, ಅರ್ಥಿಂಗ್ ಎಲ್ಲಿದೆ ಎಂದು ವಿಚಾರಿಸಿದರೇ ಎಂಬುದನ್ನು ಗಮನಿಸಿ. ಅದರಿಂದಲೇ ಕೆಲಸಗಾರನ ಗುಣ ಅರ್ಧ ತಿಳಿಯುತ್ತದೆ.

ಹಂತ 6: ಕೊಟೇಶನ್ ಅನ್ನು ಸಾಲು ಸಾಲಾಗಿ ಓದಿ

ಒಂದೇ ಪುಟದ, ‘3 ಕಿಲೋವ್ಯಾಟ್ ಪೂರ್ಣ ವ್ಯವಸ್ಥೆ, ಎಲ್ಲ ಸೇರಿ’ ಎಂಬ ಕೊಟೇಶನ್ ಅನ್ನು ವಾಪಸ್ ಕೊಟ್ಟು, ಪ್ರತಿ ವಸ್ತುವಿನ ತಯಾರಕರು, ಮಾದರಿ ಸಂಖ್ಯೆ, ಪ್ರಮಾಣ ಮತ್ತು ವಾರಂಟಿಯನ್ನು ಬರೆದುಕೊಡಲು ಹೇಳಿ. ‘ಅಥವಾ ತತ್ಸಮಾನ’ ಎಂಬ ಪದ ಎಲ್ಲಿದ್ದರೂ ಹೊಡೆದುಹಾಕಿಸಿ.

ಪ್ಯಾನೆಲ್‌ನಲ್ಲಿ ಎರಡು ವಾರಂಟಿಗಳಿರುತ್ತವೆ. ಗಾಜು, ಚೌಕಟ್ಟು, ಜೋಡಣೆಯ ದೋಷಗಳಿಗೆ ಸಾಮಾನ್ಯವಾಗಿ 10ರಿಂದ 12 ವರ್ಷ, ಉತ್ಪಾದನೆಯ ಸಾಮರ್ಥ್ಯಕ್ಕೆ 25 ಅಥವಾ 30 ವರ್ಷ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಎರಡನೆಯದು. ನಿಜವಾಗಿ ಉಪಯೋಗಕ್ಕೆ ಬರುವುದು ಹೆಚ್ಚಾಗಿ ಮೊದಲನೆಯದು. ಮೋನೊ ಪರ್ಕ್ ಮತ್ತು ಟಾಪ್‌ಕಾನ್ ಎಂಬ ಎರಡು ತಂತ್ರಜ್ಞಾನಗಳ ಹೆಸರು ಕೇಳಿಬರುತ್ತವೆ. ಎರಡನೆಯದು ಬಿಸಿಲಿನ ತಾಪಕ್ಕೆ ತುಸು ಕಡಿಮೆ ಉತ್ಪಾದನೆ ಕಳೆದುಕೊಳ್ಳುತ್ತದೆ. ರಾಯಚೂರಿನಂಥ ಊರಿನಲ್ಲಿ ಅದಕ್ಕೆ ಬೆಲೆಯಿದೆ, ಮಡಿಕೇರಿಯಲ್ಲಿ ಅಷ್ಟಿಲ್ಲ. ಕೇಂದ್ರ ಸರ್ಕಾರದ ಅನುಮೋದಿತ ಪಟ್ಟಿಯಲ್ಲಿ ಆ ಮಾದರಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಇಡೀ ವ್ಯವಸ್ಥೆಯಲ್ಲಿ ಮೊದಲು ಕೆಡುವ ಭಾಗ ಇನ್ವರ್ಟರ್. ಪ್ಯಾನೆಲ್ 25 ವರ್ಷ ಬಾಳಿದರೆ ಇನ್ವರ್ಟರ್ ಹತ್ತು ಹನ್ನೆರಡು ವರ್ಷಕ್ಕೆ ಬದಲಾಯಿಸಬೇಕಾಗಬಹುದು. ಐದು ವರ್ಷದ ವಾರಂಟಿಯ ಬದಲು ಎಂಟು ಅಥವಾ ಹತ್ತು ವರ್ಷದ್ದು ಸಿಗುವಂತಿದ್ದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಪಡೆಯಿರಿ. ತಯಾರಕರ ಸೇವಾಕೇಂದ್ರ ಕರ್ನಾಟಕದಲ್ಲಿ ಎಲ್ಲಿದೆ ಎಂಬುದನ್ನೂ ಕೇಳಿ. ನೆರಳಿನ ಸಮಸ್ಯೆ ತೀರದ ತಾರಸಿಗಳಿಗೆ ಪ್ರತಿ ಪ್ಯಾನೆಲ್‌ಗೂ ಪ್ರತ್ಯೇಕವಾಗಿ ಕೆಲಸ ಮಾಡುವ ಮೈಕ್ರೊ ಇನ್ವರ್ಟರ್ ಇದೆ, ಬೆಲೆ ಹೆಚ್ಚು.

ಕೊಟೇಶನ್‌ಗಳ ನಡುವಿನ ಬೆಲೆಯ ವ್ಯತ್ಯಾಸ ಬಹುಪಾಲು ಅಡಗಿರುವುದು ಯಾರೂ ಓದದ ಕೊನೆಯ ಸಾಲುಗಳಲ್ಲಿ. ಚೌಕಟ್ಟು ಕಬ್ಬಿಣಕ್ಕೆ ಬಣ್ಣ ಬಳಿದದ್ದೋ, ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಜಿಐ ಚೌಕಟ್ಟೋ, ಅಲ್ಯೂಮಿನಿಯಂನದ್ದೋ? ಜಿಐ ಆದರೆ ಸತುವಿನ ಪದರ 80 ಮೈಕ್ರಾನ್ ಎಂದು ಬರೆಸಿ. ಬೋಲ್ಟ್ ನಟ್ಟುಗಳು ಎಸ್‌ಎಸ್ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಕಾರವಾರ, ಉಡುಪಿ, ಮಂಗಳೂರಿನಂಥ ಕಡಲಂಚಿನ ಊರುಗಳಲ್ಲಿ ಉಪ್ಪುಗಾಳಿ ಕಬ್ಬಿಣವನ್ನು ಬೇಗ ತಿನ್ನುವುದರಿಂದ ಅಲ್ಲಿ ಪ್ಯಾನೆಲ್‌ಗೆ ಉಪ್ಪುಗಾಳಿಯನ್ನು ತಡೆಯುತ್ತದೆಯೇ ಎಂದು ನೋಡುವ ಐಇಸಿ 61701 ಪರೀಕ್ಷೆಯಾಗಿದೆಯೇ ಎಂದೂ ಕೇಳಬೇಕು. ಡಿಸಿ ಕೇಬಲ್ ಸೋಲಾರ್‌ಗೆಂದೇ ತಯಾರಾದ ನಾಲ್ಕು ಚದರ ಮಿಲಿಮೀಟರ್ ತಾಮ್ರದ್ದಾಗಿರಲಿ. ಡಿಸಿ (ಪ್ಯಾನೆಲ್) ಮತ್ತು ಎಸಿ (ಮನೆ) ಎರಡೂ ಬದಿಯ ಪೆಟ್ಟಿಗೆಗಳಲ್ಲಿ, ವೋಲ್ಟೇಜ್ ಹಠಾತ್ತನೆ ಏರಿದಾಗ ಉಪಕರಣವನ್ನು ಕಾಯುವ ಸರ್ಜ್ ರಕ್ಷಣೆ ಇರಲಿ. ಅರ್ಥಿಂಗ್ ಗುಂಡಿಗಳು ಮೂರು ಬೇಕು: ಪ್ಯಾನೆಲ್ ಮತ್ತು ಚೌಕಟ್ಟಿಗೆ ಒಂದು, ಇನ್ವರ್ಟರ್‌ನ ಎಸಿ ಬದಿಗೆ ಒಂದು, ಸಿಡಿಲು ನಿರೋಧಕಕ್ಕೆ ಒಂದು. ಬೆಲೆ ಇಳಿಸಲು ಮೊದಲು ಕತ್ತರಿ ಬೀಳುವುದು ಈ ಗುಂಡಿಗಳಿಗೇ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿನ ಮಳೆ ಕಂಡಿರುವ ನಾವು ಇದರಲ್ಲಿ ರಾಜಿ ಮಾಡಿಕೊಳ್ಳಬಾರದು.

ಚೌಕಟ್ಟನ್ನು ತಾರಸಿಗೆ ಹೇಗೆ ಕೂರಿಸುತ್ತಾರೆ ಎಂಬುದನ್ನು ಬಿಡಿಸಿ ಕೇಳಿ. ನಮ್ಮ ಮನೆಯಲ್ಲಿ ಮೊದಲು ಕೆಲಸ ಮಾಡಿದವರು ನಾನು ಕೆಳಗಿದ್ದ ಹೊತ್ತಿನಲ್ಲಿ ತಾರಸಿಗೆ ನೇರವಾಗಿ ತೂತು ಕೊರೆದು ಬೋಲ್ಟ್ ಬಿಗಿದಿದ್ದರು; ಮೊದಲ ಮಳೆಗಾಲಕ್ಕೇ ಮಲಗುವ ಕೋಣೆಯ ಸೀಲಿಂಗ್‌ನಲ್ಲಿ ತೇವದ ಕಲೆ ಮೂಡಿತು, ಅದನ್ನು ಸರಿಪಡಿಸಲು ಬೇರೆ ಮೇಸ್ತ್ರಿಗೆ ಕೊಟ್ಟ ಹಣ ಯಾವ ಕೊಟೇಶನ್‌ನಲ್ಲಿಯೂ ಇರಲಿಲ್ಲ. ಅಗತ್ಯವಾದಷ್ಟು ತೂಕದ ಕಾಂಕ್ರೀಟ್ ದಿಮ್ಮಿಗಳ ಮೇಲೆ ಕಾಲುಗಳನ್ನು ಕೂರಿಸುವುದು, ಕೊರೆಯಲೇಬೇಕಾದಲ್ಲಿ ರಾಸಾಯನಿಕ ಆಂಕರ್ (ತೂತಿನೊಳಗೆ ಅಂಟಿನಿಂದ ಬೋಲ್ಟ್ ಕೂರಿಸುವ ವಿಧಾನ) ಹಾಕಿ ಮೇಲೆ ವಾಟರ್‌ಪ್ರೂಫಿಂಗ್ ಮಾಡಿಕೊಡುವುದು, ಸೋರಿದರೆ ದುರಸ್ತಿಯ ಹೊಣೆ ಗುತ್ತಿಗೆದಾರರದ್ದೇ ಎಂಬುದು, ಇವೆಲ್ಲ ಬರವಣಿಗೆಯಲ್ಲಿರಬೇಕು. ಗಾಳಿಯ ಎಷ್ಟು ವೇಗವನ್ನು ತಡೆಯುವಂತೆ ಚೌಕಟ್ಟನ್ನು ವಿನ್ಯಾಸ ಮಾಡಲಾಗಿದೆ ಎಂಬುದೂ ಇರಲಿ. ಕೆಳಗೆ ಓಡಾಡಲು ಜಾಗ ಬೇಕೆಂದು ಎತ್ತರದ ಕಂಬಗಳ ಮೇಲೆ ಹಾಕಿಸುವವರಿಗೆ ಇದು ಇನ್ನಷ್ಟು ಮುಖ್ಯ.

ಇದಲ್ಲದೆ ನೆಟ್ ಮೀಟರ್‌ನ ಶುಲ್ಕ, ಎಸ್ಕಾಂ ಕಚೇರಿಯ ಓಡಾಟ, ಕ್ರೇನ್ ಅಥವಾ ಹೊರುವ ಕೂಲಿ ಬೆಲೆಯೊಳಗಿದೆಯೇ, ಹೊರಗೇ ಎಂದು ಕೇಳಿ. ಜಿಎಸ್‌ಟಿಯನ್ನೂ ಪರಿಶೀಲಿಸಿ: 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಉಪಕರಣಗಳ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಪೂರ್ಣ ವ್ಯವಸ್ಥೆಯ ಬಿಲ್ಲಿನಲ್ಲಿ ಶೇ 70 ಭಾಗವನ್ನು ಸರಕೆಂದೂ ಶೇ 30 ಭಾಗವನ್ನು ಶೇ 18ರ ತೆರಿಗೆ ಬೀಳುವ ಸೇವೆಯೆಂದೂ ಪರಿಗಣಿಸುವುದರಿಂದ ಒಟ್ಟು ತೆರಿಗೆ ಶೇ 13.8ರ ಬದಲು ಶೇ 8.9 ಆಗುತ್ತದೆ. ಹಳೆಯ ದರದಲ್ಲಿಯೇ ಕೊಟೇಶನ್ ಬಂದಿದ್ದರೆ ತಿದ್ದಿಸಿ.

ಹಂತ 7: ನಿಮ್ಮದೇ ಲೆಕ್ಕ ಹಾಕಿ

ತಿಂಗಳಿಗೆ 350 ಯೂನಿಟ್ ಬಳಸುವ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ₹5.80ರ ದರಕ್ಕೆ ತೆರಿಗೆ ಮತ್ತಿತರ ಯೂನಿಟ್‌ವಾರು ಶುಲ್ಕ ಸೇರಿದರೆ ಒಂದು ಯೂನಿಟ್ ₹6.50ರ ಆಸುಪಾಸಿಗೆ ಬರುತ್ತದೆ. ಮೂರು ಕಿಲೋವ್ಯಾಟ್ ವ್ಯವಸ್ಥೆ ವರ್ಷಕ್ಕೆ 4,200 ಯೂನಿಟ್, ಅಂದರೆ ತಿಂಗಳಿಗೆ ಸರಾಸರಿ 350 ಯೂನಿಟ್ ಕೊಟ್ಟಿತೆನ್ನೋಣ. ಬೇಸಿಗೆಯಲ್ಲಿ ಹೆಚ್ಚಾದದ್ದು ಕಡಿಮೆ ದರಕ್ಕೆ ಹೋಗುತ್ತದೆ, ಮಳೆಗಾಲದಲ್ಲಿ ಕೊರತೆಯಾದದ್ದನ್ನು ಪೂರ್ಣ ದರಕ್ಕೆ ಕೊಳ್ಳಬೇಕಾಗುತ್ತದೆ. ಹೀಗಾಗಿ ವರ್ಷದ ಉಳಿತಾಯವನ್ನು ₹27,000 ಎನ್ನದೆ ₹25,000 ಎಂದೇ ಹಿಡಿಯೋಣ. ಕೊಟೇಶನ್ ₹2,00,000 ಇದ್ದು ಸಹಾಯಧನ ₹78,000 ಬಂದರೆ ಕೈಯಿಂದ ಹೋಗುವುದು ₹1,22,000. ಸುಮಾರು ಐದು ವರ್ಷದಲ್ಲಿ ಅದು ಹಿಂದಿರುಗುತ್ತದೆ. ‘ಎರಡೇ ವರ್ಷದಲ್ಲಿ ಹಣ ವಾಪಸ್’ ಎಂಬ ಮಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ.

ಇನ್ನೂ ಸರಿಯಾದ ಅಳತೆಗೋಲೆಂದರೆ ಒಂದು ಯೂನಿಟ್‌ಗೆ ತಗಲುವ ಖರ್ಚು. ₹1,22,000ಕ್ಕೆ, ಹನ್ನೆರಡನೆಯ ವರ್ಷ ಇನ್ವರ್ಟರ್ ಬದಲಿಸಲು ₹40,000 ಮತ್ತು ತೊಳೆಯುವುದು, ಸಣ್ಣ ದುರಸ್ತಿಗೆಂದು ವರ್ಷಕ್ಕೆ ₹2,000ದಂತೆ 25 ವರ್ಷಕ್ಕೆ ₹50,000 ಸೇರಿಸಿದರೆ ₹2,12,000. ಪ್ಯಾನೆಲ್ ವಯಸ್ಸಾದಂತೆ ಉತ್ಪಾದನೆ ಇಳಿಯುವುದನ್ನು ಕಳೆದು 25 ವರ್ಷಕ್ಕೆ ಸುಮಾರು 96,000 ಯೂನಿಟ್ ಎಂದುಕೊಂಡರೆ, ಯೂನಿಟ್‌ಗೆ ₹2.20 ಬೀಳುತ್ತದೆ.

ಈಗ ಇದೇ ಲೆಕ್ಕದಿಂದ ಎರಡು ಕೊಟೇಶನ್‌ಗಳನ್ನು ತೂಗಿ. ಒಬ್ಬರು ₹1,80,000 ಎನ್ನುತ್ತಾರೆ, ಇನ್ನೊಬ್ಬರು ₹2,10,000. ₹30,000ದ ಅಂತರ ಕೈಗೆ ಭಾರವೆನಿಸುತ್ತದೆ. ಆದರೆ 96,000 ಯೂನಿಟ್‌ಗೆ ಹಂಚಿದರೆ ಅದು ಯೂನಿಟ್‌ಗೆ 31 ಪೈಸೆ. ಇನ್ನೊಂದು ಬದಿಯಿಂದ ನೋಡಿದರೆ, ವ್ಯವಸ್ಥೆ ಒಂದು ತಿಂಗಳು ಕೆಟ್ಟು ನಿಂತರೆ ನಷ್ಟ ಎರಡು ಸಾವಿರಕ್ಕೂ ಹೆಚ್ಚು. 25 ವರ್ಷದಲ್ಲಿ ಒಟ್ಟು ಹದಿನಾಲ್ಕು ತಿಂಗಳು ‘ನಾಳೆ ಬರುತ್ತೇವೆ’ ಎಂಬ ಉತ್ತರ ಕೇಳುತ್ತಾ ಕೂತರೆ ಅಗ್ಗದ ಕೊಟೇಶನ್‌ನ ಲಾಭವೆಲ್ಲ ಹೋಯಿತು. ಹಾಗೆಂದು ದುಬಾರಿಯಾದದ್ದೆಲ್ಲ ಒಳ್ಳೆಯದೂ ಅಲ್ಲ. ಆ ₹30,000ಕ್ಕೆ ಎದುರಾಗಿ ಯಾವ ಚೌಕಟ್ಟು, ಯಾವ ವಾರಂಟಿ, ಎಷ್ಟು ಬೇಗನೆಯ ಸೇವೆ ಸಿಗುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಲಾಗದಿದ್ದರೆ ಕಡಿಮೆಯದನ್ನೇ ಒಪ್ಪಿಕೊಳ್ಳಿ.

ಸಾಲ ಬೇಕಾದವರು ಜನ ಸಮರ್ಥ್ ಪೋರ್ಟಲ್ ಮೂಲಕ ಸರ್ಕಾರಿ ಬ್ಯಾಂಕುಗಳಿಗೆ ಅರ್ಜಿ ಹಾಕಬಹುದು. ಮೂರು ಕಿಲೋವ್ಯಾಟ್‌ವರೆಗಿನ ವ್ಯವಸ್ಥೆಗೆ ಅಡಮಾನವಿಲ್ಲದೆ, ವೈಯಕ್ತಿಕ ಸಾಲಕ್ಕಿಂತ ಬಹಳ ಕಡಿಮೆ ಬಡ್ಡಿಗೆ ಸಿಗುತ್ತದೆ. ₹1,00,000ಕ್ಕೆ ಶೇ 7ರಂತೆ ಐದು ವರ್ಷಕ್ಕೆ ತಿಂಗಳ ಕಂತು ₹1,980. ಮೇಲಿನ ಉದಾಹರಣೆಯ ಮನೆಯ ತಿಂಗಳ ಉಳಿತಾಯಕ್ಕೆ ಅದು ಬಹುತೇಕ ಸರಿಹೊಂದುತ್ತದೆ. ಗುತ್ತಿಗೆದಾರರೇ ಹೊಂದಿಸಿಕೊಡುವ ‘ಬಡ್ಡಿರಹಿತ ಕಂತು’ ಬಂದರೆ ನಗದು ಬೆಲೆ ಎಷ್ಟೆಂದು ಮೊದಲು ಕೇಳಿ, ಎರಡರ ಅಂತರವೇ ಬಡ್ಡಿ.

ಹಂತ 8: ಒಪ್ಪಂದ ಮತ್ತು ಹಣ ಕೊಡುವ ಕ್ರಮ

ಯೋಜನೆಯ ಪೋರ್ಟಲ್‌ನಲ್ಲಿ ಗ್ರಾಹಕರು ಮತ್ತು ಗುತ್ತಿಗೆದಾರರ ನಡುವಿನ ಮಾದರಿ ಒಪ್ಪಂದವಿದೆ. ಅದನ್ನೇ ಆಧಾರವಾಗಿಟ್ಟುಕೊಂಡು ಆರನೆಯ ಹಂತದಲ್ಲಿ ಬರೆಸಿಕೊಂಡ ಎಲ್ಲ ವಿವರಗಳನ್ನು ಅನುಬಂಧವಾಗಿ ಸೇರಿಸಿ. ಐದು ವರ್ಷದ ನಿರ್ವಹಣೆ ಎಂದರೆ ವರ್ಷಕ್ಕೆ ಎಷ್ಟು ಭೇಟಿ, ದೂರು ಕೊಟ್ಟ ಎಷ್ಟು ದಿನದೊಳಗೆ ಬರಬೇಕು, ತೊಳೆಯುವುದು ಅದರಲ್ಲಿ ಸೇರಿದೆಯೇ ಎಂಬುದನ್ನು ಸ್ಪಷ್ಟವಾಗಿ ಬರೆಸಿ.

ಹಣವನ್ನು ಮುಂಗಡವಾಗಿ ಪೂರ್ತಿ ಕೊಡಬೇಡಿ. ಒಪ್ಪಂದದ ದಿನ ಶೇ 10ರಿಂದ 20, ಸಾಮಾನು ಮನೆಗೆ ಬಂದು ನೀವು ಪರಿಶೀಲಿಸಿದ ಮೇಲೆ ದೊಡ್ಡ ಕಂತು, ನೆಟ್ ಮೀಟರ್ ಬಿದ್ದು ಉತ್ಪಾದನೆ ಶುರುವಾದ ಮೇಲೆ ಕೊನೆಯ ಶೇ 10ರಿಂದ 20 ಎಂಬ ಕ್ರಮ ಇಬ್ಬರಿಗೂ ನ್ಯಾಯವಾದದ್ದು. ಎಲ್ಲವೂ ಬ್ಯಾಂಕ್ ಮೂಲಕ, ಜಿಎಸ್‌ಟಿ ಬಿಲ್ಲಿನೊಂದಿಗೆ ಆಗಲಿ. ‘ಸಹಾಯಧನ ಬಂದ ಮೇಲೆ ನಮಗೆ ಕೊಟ್ಟರೆ ಸಾಕು’ ಎಂದು ಹೇಳಿ ನಿಮ್ಮ ಸಹಿ ಮಾಡಿದ ಖಾಲಿ ಚೆಕ್ಕು ಅಥವಾ ಪೋರ್ಟಲ್‌ನ ಒಟಿಪಿ ಕೇಳುವವರಿದ್ದಾರೆ, ಎರಡನ್ನೂ ಕೊಡಬಾರದು. ಪೋರ್ಟಲ್‌ನ ನೋಂದಣಿ ನಿಮ್ಮ ಮೊಬೈಲ್ ಸಂಖ್ಯೆಯಲ್ಲಿಯೇ ಇರಲಿ.

ಹಂತ 9: ಕೆಲಸ ನಡೆಯುವ ದಿನಗಳು

ಸಾಮಾನು ಇಳಿಸಿದ ಕೂಡಲೇ ಪ್ರತಿ ಪ್ಯಾನೆಲ್‌ನ ಹಿಂಬದಿಯ ಕ್ರಮಸಂಖ್ಯೆಯ ಫೋಟೊ ತೆಗೆದು, ಒಪ್ಪಂದದ ಮಾದರಿಗೂ ಡಿಸಿಆರ್ ಪ್ರಮಾಣಪತ್ರದ ಸಂಖ್ಯೆಗಳಿಗೂ ಹೋಲಿಸಿ. ಕೆಲಸಗಾರರು ಪ್ಯಾನೆಲ್‌ನ ಮೇಲೆ ಕಾಲಿಟ್ಟು ನಡೆಯದಂತೆ ನೋಡಿಕೊಳ್ಳಿ, ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳು ಆಗಲೇ ಹುಟ್ಟುತ್ತವೆ. ದಕ್ಷಿಣಕ್ಕೆ ಮುಖಮಾಡಿ 10ರಿಂದ 15 ಡಿಗ್ರಿ ಓರೆಯಿದ್ದರೆ ನಮ್ಮ ಅಕ್ಷಾಂಶಕ್ಕೆ ಸರಿ; ಮಳೆ ನೀರು ಹರಿದು ಧೂಳು ಇಳಿಯಲೂ ಅಷ್ಟು ಓರೆ ಬೇಕು. ಇನ್ವರ್ಟರ್ ಬಿಸಿಲು ಮಳೆ ಬೀಳದ, ಗಾಳಿಯಾಡುವ ಗೋಡೆಯ ಮೇಲಿರಲಿ. ಅರ್ಥಿಂಗ್ ಗುಂಡಿ ತೋಡುವಾಗ ಎದುರಿಗೆ ನಿಂತು ನೋಡಿ, ಮುಚ್ಚಿದ ಮೇಲೆ ಅದರ ಆಳವನ್ನು ಯಾರೂ ಹೇಳಲಾರರು.

ಹಂತ 10: ನೆಟ್ ಮೀಟರ್ ಮತ್ತು ಮೊದಲ ಮೂರು ಬಿಲ್ಲುಗಳು

10 ಕಿಲೋವ್ಯಾಟ್‌ವರೆಗಿನ ಅರ್ಜಿಗಳಿಗೆ ಪ್ರತ್ಯೇಕ ತಾಂತ್ರಿಕ ಪರಿಶೀಲನೆಯಿಲ್ಲದೆ ಒಪ್ಪಿಗೆ ಸಿಗಬೇಕೆಂಬ ನಿಯಮ 2024ರಲ್ಲಿ ಬಂದಿದೆ. ಆದರೂ ಕೆಲಸ ಮುಗಿದ ಮೇಲೆ ಒಪ್ಪಂದಕ್ಕೆ ಸಹಿ, ಮೀಟರ್ ಪರೀಕ್ಷೆ, ಸ್ಥಳ ಪರಿಶೀಲನೆ ಇವೆಲ್ಲ ಆಗಬೇಕು; ಒಂದೊಂದು ಹಂತ ಮುಗಿದಾಗಲೂ ಪೋರ್ಟಲ್‌ನಲ್ಲಿ ಸ್ಥಿತಿ ಬದಲಾಗಿದೆಯೇ ಎಂದು ನೀವೇ ನೋಡುತ್ತಿರಿ. ಚಾಲನಾ ಪ್ರಮಾಣಪತ್ರ ಬಂದ ಮೇಲೆ ಬ್ಯಾಂಕ್ ವಿವರ ಮತ್ತು ರದ್ದುಮಾಡಿದ ಚೆಕ್ಕಿನ ಪ್ರತಿಯನ್ನು ಸಲ್ಲಿಸಿದರೆ ಸಹಾಯಧನದ ಪ್ರಕ್ರಿಯೆ ಆರಂಭವಾಗುತ್ತದೆ.

ಮೀಟರ್ ಬದಲಾದ ದಿನ ಹಳೆಯ ಮೀಟರ್‌ನ ಕೊನೆಯ ಓದು, ಹೊಸದರ ಆಮದು ಮತ್ತು ರಫ್ತಿನ ಆರಂಭದ ಓದು, ಮೂರನ್ನೂ ದಿನಾಂಕದೊಂದಿಗೆ ಬರೆದಿಡಿ. ಮೊದಲ ಮೂರು ಬಿಲ್ಲುಗಳಲ್ಲಿ ರಫ್ತಿನ ಯೂನಿಟ್‌ಗಳನ್ನು ಕಳೆದಿದ್ದಾರೆಯೇ ಎಂದು ಇನ್ವರ್ಟರ್‌ನ ಮೊಬೈಲ್ ಆ್ಯಪ್‌ನ ಲೆಕ್ಕದೊಂದಿಗೆ ಹೋಲಿಸಿ ನೋಡಿ. ಆ್ಯಪ್ ತೋರಿಸುವುದು ಒಟ್ಟು ಉತ್ಪಾದನೆ, ಮೀಟರ್ ತೋರಿಸುವುದು ಮನೆಯ ಬಳಕೆ ಕಳೆದು ಹೊರಗೆ ಹೋದದ್ದು ಮಾತ್ರ, ಆದ್ದರಿಂದ ಎರಡೂ ಸಮನಾಗಿರುವುದಿಲ್ಲ. ವ್ಯತ್ಯಾಸ ಅರ್ಥವಾಗದಷ್ಟು ದೊಡ್ಡದಿದ್ದರೆ ಎರಡೂ ಓದುಗಳ ಫೋಟೊ ಸಮೇತ ಉಪವಿಭಾಗದ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ಯಾನೆಲ್ ತೊಳೆಯುವುದಕ್ಕೆ ಬೆಳಿಗ್ಗೆ ಬಿಸಿಲೇರುವ ಮೊದಲಿನ ಹೊತ್ತು ಒಳ್ಳೆಯದು, ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮೆತ್ತನೆಯ ಬಟ್ಟೆ ಕಟ್ಟಿದ ಕೋಲಿನಿಂದ ಒರೆಸಿದರೆ ಸಾಕು. ಬೋರ್‌ವೆಲ್ ನೀರು ಗಡಸಾಗಿದ್ದರೆ ಗಾಜಿನ ಮೇಲೆ ಬಿಳಿ ಕಲೆ ಕೂರುವುದರಿಂದ ಮಳೆ ನೀರನ್ನೋ ನಲ್ಲಿ ನೀರನ್ನೋ ಬಳಸಿ. ಪ್ರತಿ ತಿಂಗಳ ಉತ್ಪಾದನೆಯನ್ನು ಕ್ಯಾಲೆಂಡರ್‌ನ ಮೇಲೆ ಬರೆಯುತ್ತ ಹೋಗಿ. ಎರಡನೆಯ ವರ್ಷದ ಮಾರ್ಚ್ ತಿಂಗಳ ಅಂಕಿ ಮೊದಲ ವರ್ಷದ ಮಾರ್ಚ್‌ಗಿಂತ ಎದ್ದು ಕಾಣುವಷ್ಟು ಕಡಿಮೆಯಿದ್ದರೆ, ಐದು ವರ್ಷದ ಉಚಿತ ನಿರ್ವಹಣೆ ಇನ್ನೂ ಜಾರಿಯಲ್ಲಿರುವಾಗಲೇ ಗುತ್ತಿಗೆದಾರರನ್ನು ಕರೆಸಿ ಪ್ರತಿ ಪ್ಯಾನೆಲ್‌ನ ವೋಲ್ಟೇಜ್ ಅಳೆಸಿ, ಅಳತೆಯ ಹಾಳೆಗೆ ಸಹಿ ಹಾಕಿಸಿಕೊಂಡು ವಾರಂಟಿ ಪತ್ರಗಳ ಜೊತೆಗಿಡಿ.